ಡೆಕ್ಕಿಗೆ ಹೋಗದೆ ಹಾಯಿ ಕುಗ್ಗಿಸಿದ ಕರ್ನಲ್

ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. 10 ನಾಟ್ ಗಾಳಿಯಲ್ಲಿ ಹಿತವಾಗಿ ಸಾಗುತ್ತಿದ್ದ ದೋಣಿ 20 ನಾಟ್ ಗಾಳಿಗೆ ಪಕ್ಕಕ್ಕೆ ವಾಲಿ, ಚುಕ್ಕಾಣಿಗೆ ಬಗ್ಗದೆ ಹೋಗುವುದು ಈ ಲೆಕ್ಕದಿಂದಲೇ. ಹಾಗಾದಾಗ ಮುಖ್ಯ ಹಾಯಿಯನ್ನು ಒಂದಷ್ಟು ಇಳಿಸಿ, ಕೆಳಭಾಗವನ್ನು ಮಡಚಿ ಬಿಗಿಯಬೇಕು. ಇದೇ ರೀಫಿಂಗ್.

ಕೆಲಸ ಚಿಕ್ಕದು, ಮಾಡುವ ಜಾಗ ಕೆಟ್ಟದ್ದು. ಸಾಮಾನ್ಯ ತ್ರಿಕೋನ ಹಾಯಿಯ ದೋಣಿಯಲ್ಲಿ ನಾವಿಕ ಚುಕ್ಕಾಣಿ ಹಿಡಿದು ಕೂರುವ ಸುರಕ್ಷಿತ ಕುಳಿಯಿಂದೆದ್ದು, ಅಲೆ ಹಾಯುವ ಡೆಕ್ಕಿನ ಮೇಲೆ ಕೂವೆಮರದವರೆಗೆ ಹೋಗಬೇಕು. ಅಲ್ಲಿ ಒಂದು ಕೈ ದೋಣಿಯನ್ನು ಹಿಡಿದಿರಬೇಕು, ಇನ್ನೊಂದು ಕೈ ಹಗ್ಗ ಸಡಿಲಿಸಬೇಕು. ಹಾಯಿಯ ಮುಂದಿನ ಅಂಚಿನ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ, ಹಿಂದಿನ ಅಂಚನ್ನು ಹಾಯಿಯ ಬುಡದ ಅಡ್ಡಮರವಾದ ಬೂಮಿಗೆ ಎಳೆದು ಕಟ್ಟಿ, ಹಾಯಿಯನ್ನು ಮತ್ತೆ ಏರಿಸಿ ಬಿಗಿ ಮಾಡಬೇಕು. ಅಷ್ಟು ಹೊತ್ತೂ ಸಡಿಲ ಬಟ್ಟೆ ಪಟಪಟನೆ ಬಡಿಯುತ್ತಲೇ ಇರುತ್ತದೆ. ಈ ಕಷ್ಟಕ್ಕೆ ಹೆದರಿ ಮುಂದೂಡಿದಷ್ಟೂ ಗಾಳಿ ಏರಿ, ಕೆಲಸ ಇನ್ನೂ ಕಷ್ಟವಾಗುತ್ತದೆ.

ಇದನ್ನು ಬುಡದಿಂದ ಯೋಚಿಸಿದವರು ಬ್ರಿಟನ್ನಿನ ರಾಯಲ್ ಮರೀನ್ಸ್ ಅಧಿಕಾರಿ ಕರ್ನಲ್ 'ಬ್ಲಾಂಡಿ' ಹಾಸ್ಲರ್. 1942ರ ಡಿಸೆಂಬರಿನಲ್ಲಿ ಮಡಚುವ ಪುಟ್ಟ ದೋಣಿಗಳಲ್ಲಿ ಬೋರ್ಡೋ ಬಂದರಿಗೆ ನುಗ್ಗಿ ಜರ್ಮನ್ ಹಡಗುಗಳಿಗೆ ಬಾಂಬು ಅಂಟಿಸಿದ ದಾಳಿಯ ನಾಯಕ ಇವರೇ. ಹೊರಟ ಹತ್ತು ಮಂದಿಯಲ್ಲಿ ಬದುಕಿ ಮರಳಿದವರು ಇಬ್ಬರು. ಅಂಥ ಮನುಷ್ಯ ಯುದ್ಧದ ನಂತರ ಹುಡುಕಿದ್ದು ಸಾಹಸವನ್ನಲ್ಲ, ಸುಲಭವಾಗಿ, ಮೈ ಒದ್ದೆಯಾಗದೆ ಸಮುದ್ರ ದಾಟುವ ಉಪಾಯವನ್ನು. ನನಗೆ ಅವರ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿಯೇ.

ಅವರ 'ಜೆಸ್ಟರ್' 25 ಅಡಿಯ ಮರದ ದೋಣಿ. ಡೆಕ್ಕನ್ನು ಪೂರ್ತಿ ಮುಚ್ಚಿ, ನಡುವೆ ದುಂಡಗಿನ ಒಂದು ಕಿಂಡಿಯನ್ನಷ್ಟೇ ಬಿಟ್ಟಿದ್ದರು. ಹಗ್ಗಗಳೆಲ್ಲ ಆ ಕಿಂಡಿಗೇ ಬರುತ್ತಿದ್ದವು. ಹಾಯಿ ಮಾತ್ರ ಚೀನಾದ ಜಂಕ್ ಹಡಗುಗಳ ಮಾದರಿಯದು. ಬಟ್ಟೆಯ ಉದ್ದಕ್ಕೂ ಅಡ್ಡಪಟ್ಟಿಗಳು, ಮೇಲ್ತುದಿಯಲ್ಲಿ ಭಾರದ ಅಡ್ಡಮರ. ಹಗ್ಗ ಸಡಿಲಿಸಿದರೆ ಸಾಕು, ತನ್ನದೇ ಭಾರಕ್ಕೆ ಹಾಯಿ ಒಂದೊಂದೇ ಮಡಿಕೆಯಾಗಿ, ಕಿಟಕಿಯ ವೆನೀಷಿಯನ್ ಪರದೆಯಂತೆ ಕೆಳಗಿನ ಹಗ್ಗದ ತೊಟ್ಟಿಲಿಗೆ ಇಳಿಯುತ್ತದೆ. ಕೊಕ್ಕೆ ಬೇಡ, ಗಂಟು ಬೇಡ. ಕೂವೆಮರಕ್ಕೆ ಪಕ್ಕದ ತಂತಿಗಳ ಆಸರೆ ಇಲ್ಲದ್ದರಿಂದ ಹಾಯಿ ಉಜ್ಜಿ ಸಿಕ್ಕಿಕೊಳ್ಳುವ ಭಯವೂ ಇಲ್ಲ. ಹೀಗಾಗಿ ಗಾಳಿ ಬೆನ್ನಿಗಿದ್ದಾಗಲೂ ದೋಣಿಯನ್ನು ತಿರುಗಿಸದೆ ಹಾಯಿ ಕುಗ್ಗಿಸಬಹುದು.

ಈ ದೋಣಿಯ ಪರೀಕ್ಷೆ ನಡೆದದ್ದು 1960ರಲ್ಲಿ. ಒಬ್ಬೊಬ್ಬರೇ ಅಟ್ಲಾಂಟಿಕ್ ದಾಟುವ ಪಂದ್ಯದ ಕಲ್ಪನೆಯೂ ಹಾಸ್ಲರ್ ಅವರದ್ದೇ. ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ಐವರು ಹೊರಟರು. ಸುಮಾರು 40 ಅಡಿಯ 'ಜಿಪ್ಸಿ ಮಾತ್ 3'ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ 40 ದಿನಗಳಲ್ಲಿ ತಲುಪಿ ಗೆದ್ದರು. ಪುಟ್ಟ ಜೆಸ್ಟರ್ 48 ದಿನಗಳಲ್ಲಿ ತಲುಪಿ ಎರಡನೆಯದಾಯಿತು.

ಹಾಗೆಂದು ಚೀನೀ ಹಾಯಿ ಸರ್ವರೋಗ ಪರಿಹಾರವೇನಲ್ಲ. ಹಾಸ್ಲರ್ ಬಳಸಿದಂಥ ಚಪ್ಪಟೆ ಹಾಯಿ ಗಾಳಿಗೆದುರಾಗಿ ಓರೆಯಲ್ಲಿ ಸಾಗುವಾಗ ತ್ರಿಕೋನ ಹಾಯಿಗಿಂತ ಹಿಂದೆ ಬೀಳುತ್ತದೆ. ಅದಕ್ಕೇ ಈಗ ಪಟ್ಟಿಗಳ ನಡುವಿನ ಬಟ್ಟೆಗೆ ತುಸು ಉಬ್ಬು ಕೊಟ್ಟು ಹೊಲಿಯುತ್ತಾರೆ. ಹಾಯಿ ಸಲೀಸಾಗಿ ಕುಗ್ಗಿದರೂ ದೋಣಿ ಮಗುಚದೆಂಬ ಖಾತರಿಯಿಲ್ಲ. 1968ರಲ್ಲಿ ಇಂಥದೇ ಹಾಯಿಗಳ 'ಗಾಲ್ವೇ ಬ್ಲೇಜರ್ 2' ಏರಿ ಭೂಪ್ರದಕ್ಷಿಣೆಗೆ ಹೊರಟ ಬಿಲ್ ಕಿಂಗ್, ದಕ್ಷಿಣ ಅಟ್ಲಾಂಟಿಕ್‌ನಲ್ಲಿ ದೋಣಿ ಮಗುಚಿ, ಕೂವೆಮರ ಕೆಟ್ಟು, ಯಾನ ಕೈಬಿಟ್ಟು ಕೇಪ್‌ಟೌನ್ ಸೇರಬೇಕಾಯಿತು.

ಡೆಕ್ಕಿಗೆ ಹೋಗದೆ ಕೆಲಸ ಮುಗಿಸುವ ಹಾಸ್ಲರ್ ಅವರ ಸೂತ್ರವನ್ನು ತ್ರಿಕೋನ ಹಾಯಿಯವರೂ ತಕ್ಕಮಟ್ಟಿಗೆ ಅಳವಡಿಸಿಕೊಂಡಿದ್ದಾರೆ. ರಾಟೆಗಳ ಮೂಲಕ ರೀಫಿಂಗ್ ಹಗ್ಗಗಳನ್ನು ಕುಳಿಯವರೆಗೆ ತರುತ್ತಾರೆ. ಮುಂದಿನ, ಹಿಂದಿನ ಎರಡೂ ಮೂಲೆಗಳನ್ನು ಒಂದೇ ಹಗ್ಗದಲ್ಲಿ ಎಳೆಯುವ ಏರ್ಪಾಡೂ ಇದೆ. ಆದರೆ ರಾಟೆ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು, ದೊಡ್ಡ ದೋಣಿಯಲ್ಲಿ ಹಗ್ಗ ಎಳೆಯುವ ವಿಂಚ್ ತಿರುಗಿಸಿ ತೋಳು ಸೋಲುತ್ತದೆ. ಎರಡು ಮೂಲೆಗೆ ಎರಡು ಹಗ್ಗ ಇರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಕಾಸು ಖರ್ಚಿಲ್ಲದ ಉಪಾಯಗಳೂ ಉಂಟು. ಎಷ್ಟು ಇಳಿಸಬೇಕೆಂದು ಹಗ್ಗದ ಮೇಲೆ ಮೊದಲೇ ಬಣ್ಣದ ಗುರುತು ಹಾಕಿಟ್ಟರೆ ಕತ್ತಲಲ್ಲಿ ಊಹಿಸುವ ಕೆಲಸ ತಪ್ಪುತ್ತದೆ. ಮುಂದಿನ ಚಿಕ್ಕ ಹಾಯಿಗೆ ಉಲ್ಟಾ ಕಡೆಯಿಂದ ಗಾಳಿ ಹೊಡೆಯುವಂತೆ ಕಟ್ಟಿ, ಚುಕ್ಕಾಣಿಯನ್ನು ಅದಕ್ಕೆ ವಿರುದ್ಧವಾಗಿ ಬಿಗಿದರೆ ದೋಣಿ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಓಲಾಟ ತಗ್ಗಿದ ಆ ಹೊತ್ತಿನಲ್ಲಿ ನಿಧಾನವಾಗಿ ಕೆಲಸ ಮುಗಿಸಬಹುದು.

ನಮ್ಮ ನೌಕಾಪಡೆಯ 'ತಾರಿಣಿ' ಗೋವಾದಲ್ಲಿ ಕಟ್ಟಿದ, ಸುಮಾರು 17 ಮೀಟರ್ ಉದ್ದದ ತ್ರಿಕೋನ ಹಾಯಿಯ ದೋಣಿ. 2017-18ರಲ್ಲಿ ಆರು ಮಹಿಳಾ ಅಧಿಕಾರಿಗಳು ಅದರಲ್ಲಿ ಭೂಮಿ ಸುತ್ತಿದರು. 2024ರ ಅಕ್ಟೋಬರಿನಲ್ಲಿ ಹೊರಟು 2025ರ ಮೇನಲ್ಲಿ ಗೋವಾಕ್ಕೆ ಮರಳಿದ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಇಬ್ಬರೇ ಅದರಲ್ಲಿ ಭೂಮಿ ಸುತ್ತಿದರು. ಇಬ್ಬರಲ್ಲಿ ಒಬ್ಬರು ಮಲಗಿದರೆ ಡೆಕ್ಕಿನ ಮೇಲೆ ಉಳಿಯುವುದು ಒಂದೇ ಜೊತೆ ಕೈ. ಅಂಥಲ್ಲಿ ರೀಫಿಂಗ್ ವ್ಯವಸ್ಥೆ ಎಷ್ಟು ಸಲೀಸಾಗಿರಬೇಕೆಂದು ಬೇರೆ ಹೇಳಬೇಕಿಲ್ಲ.

ಹಾಸ್ಲರ್ 1987ರಲ್ಲಿ ತೀರಿಕೊಂಡರು. ಮರುವರ್ಷ ಜೆಸ್ಟರ್ ಅಟ್ಲಾಂಟಿಕ್‌ನಲ್ಲಿ ಕಳೆದುಹೋಯಿತು. ಅದರಲ್ಲಿದ್ದ ನಾವಿಕ ಮೈಕ್ ರಿಚಿ ಬದುಕುಳಿದರು. ಆಮೇಲೆ ಅದೇ ಅಳತೆಯ ಹೊಸ ಜೆಸ್ಟರ್ ತಯಾರಾಯಿತು. ಆ ಹೆಸರಿನಲ್ಲೇ 2006ರಿಂದ ಚಿಕ್ಕ ದೋಣಿಗಳ ಒಂಟಿ ನಾವಿಕರು ಅಟ್ಲಾಂಟಿಕ್ ಯಾನಕ್ಕೆ ಹೊರಡುತ್ತಿದ್ದಾರೆ.