ಅಳಿದ ಪ್ರಾಣಿಗಳ ಚರಿತ್ರೆಗೆ ಸಾಕ್ಷಿ ಯಾರು?

ಇತಿಹಾಸವು ಆಧಾರಗಳನ್ನು ಅವಲಂಬಿಸಿದ ಶಾಸ್ತ್ರ. ಶಾಸನ, ದಫ್ತರ, ಪತ್ರ, ನಾಣ್ಯ ಇವುಗಳನ್ನು ಬಿಟ್ಟುಹೋದವರು ಮನುಷ್ಯರು ಮಾತ್ರ. ಹಾಗಾದರೆ ಭೂಮಿಯಿಂದ ಅಳಿದುಹೋದ ಪ್ರಾಣಿಯೊಂದರ ಪರವಾಗಿ ಸಾಕ್ಷಿ ನುಡಿಯುವವರಾರು? ತರುಣ ವಾಚಕರಿಗಾಗಿ ರಚಿತವಾದ ಒಂದು ವೈಜ್ಞಾನಿಕ ಕಾದಂಬರಿಯು ಈ ಪ್ರಶ್ನೆಯ ವಿಚಾರಕ್ಕೆ ಅವಕಾಶ ಕೊಡುತ್ತದೆ.

ಇಂಗ್ಲಿಷ್ ಲೇಖಕ ಪಿಯರ್ಸ್ ಟಾರ್ಡೇ ಅವರ ‘ದಿ ಲಾಸ್ಟ್ ವೈಲ್ಡ್’ 2013ರಲ್ಲಿ ಪ್ರಕಟವಾಯಿತು. ಅದರ ಕಥಾವಸ್ತುವನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಕೆಂಗಣ್ಣಿನ ರೋಗವೊಂದು ವನ್ಯಪ್ರಾಣಿಗಳನ್ನೆಲ್ಲ ನಾಶಮಾಡಿತೆಂದು ಜನರ ನಂಬಿಕೆ. ಅವರು ನಗರಗಳಲ್ಲಿ ನಿರ್ಬಂಧಿತರಾಗಿ, ಒಂದು ವಾಣಿಜ್ಯಸಂಸ್ಥೆ ಒದಗಿಸುವ ಕೃತಕ ಆಹಾರದಿಂದ ಜೀವಿಸುತ್ತಾರೆ. ಕೆಸ್ಟರ್ ಎಂಬ ಹನ್ನೆರಡು ವರ್ಷದ ಬಾಲಕನಿಗೆ ಬಾಯಿಂದ ಮಾತು ಹೊರಡದು. ಆದರೆ ಉಳಿದಿರುವ ಪ್ರಾಣಿಗಳ ನುಡಿ ಅವನಿಗೆ ತಿಳಿಯುತ್ತದೆ. ಅವು ರೋಗಕ್ಕೆ ಔಷಧವನ್ನು ದೊರಕಿಸಿಕೊಡೆಂದು ಅವನನ್ನು ಬೇಡುತ್ತವೆ.

ಪ್ರಾಣಿಯೇ ತನ್ನ ಸಂಕಟವನ್ನು ನುಡಿಯುವುದು ಕಾದಂಬರಿಗೆ ಇರುವ ಸ್ವಾತಂತ್ರ್ಯ. ಇತಿಹಾಸದಲ್ಲಿ ನಡೆದುದು ಬೇರೆ. ಹಾರಲಾರದ ಕಡಲಹಕ್ಕಿಯಾದ ಗ್ರೇಟ್ ಆಕ್ ಒಂದು ಕಾಲಕ್ಕೆ ಉತ್ತರ ಅಟ್ಲಾಂಟಿಕ್ ಸಾಗರದ ದ್ವೀಪಗಳಲ್ಲಿ ಹೇರಳವಾಗಿತ್ತು. ಮಾಂಸ, ಗರಿ, ಕೊಬ್ಬುಗಳಿಗಾಗಿ ಅದನ್ನು ಶತಮಾನಗಳ ಕಾಲ ಕೊಂದರು. ಅದು ವಿರಳವಾದ ಮೇಲೆ ಸಂಗ್ರಾಹಕರು ಅದರ ಚರ್ಮಕ್ಕೂ ಮೊಟ್ಟೆಗೂ ಹೆಚ್ಚಿನ ಬೆಲೆ ಕೊಡತೊಡಗಿದರು. ಹೀಗೆ ವಿರಳತೆಯೇ ವಿನಾಶವನ್ನು ತ್ವರಿತಗೊಳಿಸಿತು. 1844ರ ಜೂನ್ ತಿಂಗಳಿನಲ್ಲಿ ಐಸ್‌ಲ್ಯಾಂಡಿನ ಸಮೀಪದ ಎಲ್ಡೇ ದ್ವೀಪದಲ್ಲಿ ಒಂದು ಜೋಡಿಯನ್ನು ಕೊಲ್ಲಲಾಯಿತು. ಅನಂತರ ಆ ಹಕ್ಕಿ ಯಾರ ಕೈಗೂ ಸಿಕ್ಕಿದ ದಾಖಲೆಯಿಲ್ಲ.

1858ರಲ್ಲಿ ಜಾನ್ ವುಲ್ಲಿ ಮತ್ತು ಆಲ್ಫ್ರೆಡ್ ನ್ಯೂಟನ್ ಎಂಬ ಆಂಗ್ಲ ಪಕ್ಷಿಶಾಸ್ತ್ರಜ್ಞರು ಅದನ್ನು ಅರಸಿ ಐಸ್‌ಲ್ಯಾಂಡಿಗೆ ಹೋದರು. ಹಕ್ಕಿ ದೊರೆಯಲಿಲ್ಲ, ದೊರೆತವರು 1844ರ ಬೇಟೆಯಲ್ಲಿದ್ದ ಮೀನುಗಾರರು. ಅವರ ಹೇಳಿಕೆಗಳನ್ನು ಬರೆದುಕೊಂಡರು. ಆದಕಾರಣ ಆ ಜೋಡಿಯ ಅಂತ್ಯ ನಮಗೆ ತಿಳಿದಿರುವುದು ಕೊಂದವರ ಮಾತಿನಿಂದಲೇ. ಅವು ಹೇಗೆ ಸತ್ತವೆಂಬುದನ್ನು ಈ ಸಾಕ್ಷ್ಯ ತಿಳಿಸುತ್ತದೆ. ಹೇಗೆ ಬದುಕಿದವೆಂಬುದನ್ನು ಅಷ್ಟಾಗಿ ತಿಳಿಸುವುದಿಲ್ಲ.

ಆದರೂ ಇಂಥ ಸಾಕ್ಷ್ಯ ವ್ಯರ್ಥವೆನ್ನಲಾಗದು. ಮರಿಮಾಡುವ ಕಾಲದಲ್ಲಿ ಕಡಲಹಕ್ಕಿಗಳನ್ನು ಕೊಲ್ಲುವುದನ್ನು ನ್ಯೂಟನ್ ಮುಂದೆ ಬಹಿರಂಗವಾಗಿ ಖಂಡಿಸಿದರು. 1869ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಡಲಹಕ್ಕಿಗಳ ರಕ್ಷಣೆಗಾಗಿ ಶಾಸನವನ್ನು ಅಂಗೀಕರಿಸಿತು. ಗ್ರೇಟ್ ಆಕ್‌ಗೆ ಅದು ಒದಗಲಿಲ್ಲ. ಉಳಿದ ಹಕ್ಕಿಗಳಿಗೆ ಒದಗಿತು.

ಟಾರ್ಡೇ ಅವರ ಪ್ರಾಣಿಗಳು ಬದುಕಿರುವಾಗಲೇ ನುಡಿಯುತ್ತವೆ, ಬಾಲಕನೊಬ್ಬನು ಕಿವಿಗೊಡುತ್ತಾನೆ. ಗ್ರೇಟ್ ಆಕ್‌ನ ಕಥೆಯನ್ನು ಅದು ಹೋದ ಮೇಲೆ ಕೇಳಲಾಯಿತು. ತರುಣರಿಗೆ ಆ ಕಾದಂಬರಿಯೊಡನೆ ಈ ಚರಿತ್ರೆಯನ್ನೂ ಓದಿಸುವುದು ಇತಿಹಾಸದ ಅಧ್ಯಾಪಕರಿಗೆ ಉಚಿತವಾದ ಕಾರ್ಯವಾಗಿದೆ.