ಏಳು ಬೀಜದ ಮಿಷನ್

ಪೀಣ್ಯ ಎರಡನೇ ಹಂತದಲ್ಲಿ ಮಧ್ಯಾಹ್ನ ಎರಡಕ್ಕೆ ಶಿಫ್ಟು ಬದಲಾಗುತ್ತದೆ. ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಹತ್ತು ನಿಮಿಷ ಒಂದೇ ಗೂಡಂಗಡಿ. ಅಂಗಡಿಯಾತ ಮುಖ ನೋಡುವುದಿಲ್ಲ, ಚಾಚಿದ ಕೈ ಎಣಿಸುತ್ತಾನೆ. ಡಿಕಾಕ್ಷನ್ ಸುರಿದು, ಹಾಲು ಬಿಟ್ಟು, ಮೊಳದೆತ್ತರದಿಂದ ಒಮ್ಮೆ ಎತ್ತಿ ಹೊಯ್ದರೆ ಬೈಟು ತಯಾರು. ಲೋಟ ಹಿಡಿದ ಬೆರಳುಗಳಲ್ಲಿ ಕೂಲೆಂಟಿನ ವಾಸನೆ, ಉಗುರಿನ ಅಂಚಿನಲ್ಲಿ ಲೇತಿನ ಕಪ್ಪು. ನನ್ನ ಅಕ್ಕನ ಮಗ ಇಲ್ಲೇ ಒಂದು ಸಣ್ಣ ಶಾಪಿನಲ್ಲಿ ಸಿಎನ್‌ಸಿ ಆಪರೇಟರ್. ವಾರವೆಲ್ಲ ಸೆಟ್ಟಿಂಗು, ಜಾಬು, ಇನ್‌ಸ್ಪೆಕ್ಷನ್ನು ಎಂದು ಓಡಾಡುವ ಹುಡುಗ, ಭಾನುವಾರ ಬಂತೆಂದರೆ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ ಮುಂದೆ ಕಾಲು ಮಡಚಿ ಕೂತು ಹದಿನೆಂಟನೇ ಶತಮಾನಕ್ಕೆ ಹೊರಟುಬಿಡುತ್ತಾನೆ.

ಹೋದ ತಿಂಗಳ ಒಂದು ಭಾನುವಾರ ಹಾಗೇ ಕೂತಿದ್ದವನು ಕರೆದ. "ಮಾಮ, ಬನ್ನಿ ಇಲ್ಲಿ. ನಿಮ್ಮ ತರದವನೊಬ್ಬ ಕಾಫಿ ಅಂಗಡಿ ಇಟ್ಕೊಂಡಿದಾನೆ."

"ನನ್ನ ತರ ಅಂದ್ರೆ?"

"ಹಿಸ್ಟರಿ ಕೊರೆಯೋನು."

ಆಟದ ಹೆಸರು ಅಸ್ಯಾಸಿನ್ಸ್ ಕ್ರೀಡ್. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2007ರಲ್ಲಿ ಮೊದಲನೆಯದನ್ನು ಬಿಟ್ಟಿತು. ಆಮೇಲೆ ಬಂದವಕ್ಕೆ ಲೆಕ್ಕವಿಡುವುದು ಕಷ್ಟ. ಕತೆಯ ತಿರುಳು ಇಷ್ಟು: ಹಂತಕರದೊಂದು ಗುಪ್ತ ಪಂಗಡ, ಟೆಂಪ್ಲರ್‌ಗಳದು ಇನ್ನೊಂದು, ಇಬ್ಬರಿಗೂ ನೂರಾರು ವರ್ಷಗಳ ಹಗೆ. ಇಂದಿನ ಕಾಲದ ಒಬ್ಬ ಮನುಷ್ಯ ಅನಿಮಸ್ ಎಂಬ ಯಂತ್ರದ ಮೂಲಕ ಪೂರ್ವಿಕರ ನೆನಪಿನೊಳಕ್ಕೆ ಇಳಿಯುತ್ತಾನೆ. ಹಾಗಾಗಿ ಒಂದೊಂದು ಆಟಕ್ಕೆ ಒಂದೊಂದು ಊರು, ಒಂದೊಂದು ಕಾಲ. ಹುಡುಗ ಆಡುತ್ತಿದ್ದದ್ದು 2013ರ 'ಬ್ಲ್ಯಾಕ್ ಫ್ಲ್ಯಾಗ್', ಕೆರಿಬಿಯನ್ ಕಡಲುಗಳ್ಳರ ಕತೆ. ಆದರೆ ಆಗ ಪರದೆಯ ಮೇಲೆ ಕಡಲಿರಲಿಲ್ಲ. ಗಾಜಿನ ಕಟ್ಟಡ, ಕೊರಳಿಗೆ ಜೋತ ಐಡಿ ಕಾರ್ಡು, ಹೊಳೆಯುವ ಲಾಬಿ. ವೈಟ್‌ಫೀಲ್ಡ್ ಅಂದರೂ ನಂಬಬಹುದಿತ್ತು. ಅದು ಕೆನಡಾದ ಮಾಂಟ್ರಿಯಲ್‌ನ ಒಂದು ಕಲ್ಪಿತ ಗೇಮ್ ಕಂಪನಿ. ಅಲ್ಲಿ ಆಡುವವನೇ ಹೆಸರಿಲ್ಲದ ನೌಕರ. ಆ ಲಾಬಿಯ ಕಾಫಿ ಕೌಂಟರಿನ ಹಿಂದೆ ನಿಂತವನು ಶಾನ್ ಹೇಸ್ಟಿಂಗ್ಸ್. ಹಿಂದಿನ ಆಟಗಳಲ್ಲಿ ಚರಿತ್ರೆಯ ಟಿಪ್ಪಣಿಗಳನ್ನೆಲ್ಲ ಕೊಂಕು ಬೆರೆಸಿ ಬರೆಯುತ್ತಿದ್ದ ಇತಿಹಾಸಕಾರ, ಈಗ ಶತ್ರುಗಳಾದ ಟೆಂಪ್ಲರ್‌ಗಳ ಆಫೀಸಿನಲ್ಲಿ ವೇಷ ಮರೆಸಿಕೊಂಡು ಕಾಫಿ ಮಾರುತ್ತಿದ್ದಾನೆ.

ಬರೆದವರಿಗೆ ಇದು ಒಂದು ಚಟಾಕಿ ಇದ್ದೀತು. ನನಗೆ ಮಾತ್ರ ಹುಳ ಬಿಟ್ಟ ಹಾಗಾಯಿತು. ಈ ಆಟಗಳು ಸುತ್ತಿದ ಊರುಗಳಲ್ಲೆಲ್ಲ ಕಾಫಿ ಎಲ್ಲಿತ್ತು, ಎಲ್ಲಿರಲಿಲ್ಲ? ಹುಡುಗನ ಹತ್ತಿರ ಇದ್ದಬದ್ದ ಆಟಗಳನ್ನೆಲ್ಲ ಆ ಕಣ್ಣಿನಿಂದಲೇ ನೋಡತೊಡಗಿದೆ. ಪುಣ್ಯಾತ್ಮ, ಬೇಸರಿಸದೆ ತೋರಿಸಿದ.

ಮೊದಲ ಆಟ 1191ರ ಡಮಾಸ್ಕಸ್, ಜೆರುಸಲೇಮ್. ಅಲ್ಲಿ ಕಾಫಿ ಇಲ್ಲ, ಇರುವ ಹಾಗೂ ಇಲ್ಲ. ರಾತ್ರಿಯ ಜಪಕ್ಕೆ ನಿದ್ದೆ ಅಡ್ಡ ಬರಬಾರದೆಂದು ಯೆಮನ್ನಿನ ಸೂಫಿಗಳು ಕಾಫಿ ಕುಡಿಯುತ್ತಿದ್ದ ಸುದ್ದಿ ಸಿಗುವುದು ಹದಿನೈದನೇ ಶತಮಾನದಲ್ಲಿ. ಸ್ವಾರಸ್ಯ ಶುರುವಾಗುವುದು 2011ರ 'ರೆವೆಲೇಷನ್ಸ್'ನಲ್ಲಿ. ಅದರ ನಾಯಕ, ಮುದಿಯಾದ ಎಜಿಯೊ, 1511ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಬಂದಿಳಿಯುತ್ತಾನೆ. ಅದೇ 1511ರಲ್ಲಿ ಅತ್ತ ಮೆಕ್ಕಾದಲ್ಲಿ ಖಾಯಿರ್ ಬೇಗ್ ಎಂಬ ಅಧಿಕಾರಿ ಕಾಫಿಯ ಮೇಲೆ ವಿಚಾರಣೆ ಕೂರಿಸಿದ್ದ. ಜನ ಗುಂಪುಗೂಡಿ ಕುಡಿಯುತ್ತಾರೆ, ಕುಡಿದು ಆಡಬಾರದ್ದನ್ನೆಲ್ಲ ಆಡುತ್ತಾರೆ ಎಂದು ನಿಷೇಧ ಹೇರಿ, ಕಾಫಿಯನ್ನು ಬೀದಿಯಲ್ಲಿ ಸುಡಿಸಿದ. ಕೈರೋದ ಸುಲ್ತಾನನಿಗೆ ಅದು ಅತಿಯೆನಿಸಿ, ನಿಷೇಧ ಬಹಳ ದಿನ ನಿಲ್ಲಲಿಲ್ಲ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕಾಫಿ ಅಂಗಡಿ ತೆರೆದದ್ದು ಇನ್ನೂ ನಲವತ್ತು ವರ್ಷ ಕಳೆದ ಮೇಲೆ. 1550ರ ದಶಕದ ನಡುವೆ ಅಲೆಪ್ಪೊದವನೊಬ್ಬ, ಡಮಾಸ್ಕಸ್ಸಿನವನೊಬ್ಬ ಬಂದು ತಹ್ತಾಕಲೆ ಎಂಬ ಪೇಟೆಯಲ್ಲಿ ಅಂಗಡಿ ಇಟ್ಟರು ಎಂದು ಒಟ್ಟೊಮನ್ ಚರಿತ್ರೆಕಾರ ಪೆಚೆವಿ ಬರೆದಿದ್ದಾನೆ. ಎಜಿಯೊ ಹಾದುಹೋಗುವ ಗ್ರ್ಯಾಂಡ್ ಬಜಾರಿನಿಂದ ಇಳಿಜಾರಿನಲ್ಲಿ ನಡೆದರೆ ತಹ್ತಾಕಲೆ. ಪಾಪ, ಆಯಾಸ ಆರಿಸಿಕೊಳ್ಳಲು ಅವನಿಗೆ ಒಂದು ಲೋಟವೂ ದಕ್ಕಲಿಲ್ಲ.

ಇನ್ನು 'ಬ್ಲ್ಯಾಕ್ ಫ್ಲ್ಯಾಗ್'. ಅದರ ನಾಯಕ ಎಡ್ವರ್ಡ್ ಕೆನ್ವೇ ಹಡಗು ಹಿಡಿದು ಲೂಟಿ ಹೊಡೆದಾಗಲೆಲ್ಲ ಸಿಗುವ ಸರಕು ಎರಡೇ: ರಮ್ಮು, ಸಕ್ಕರೆ. ಮರ, ಲೋಹ, ಬಟ್ಟೆ ಸಿಗುತ್ತವಾದರೂ ಅವು ಸ್ವಂತ ಹಡಗಿನ ರಿಪೇರಿಗೆ. ಮಾರಿ ಕಾಸು ಮಾಡುವುದು ರಮ್ಮು ಸಕ್ಕರೆಯನ್ನೇ. "ಕಾಫಿ ಯಾಕಿಲ್ಲ? ಆ ಕಡೆಯೆಲ್ಲ ಕಾಫಿ ತೋಟ ತಾನೇ?" ಎಂದು ಹುಡುಗನೇ ಕೇಳಿದ. ಆಟ ಬರೆದವರು ಇಲ್ಲಿ ಸರಿಯಾಗಿಯೇ ಇದ್ದಾರೆ. ಕತೆ ಶುರುವಾಗುವ 1715ರಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ ಕಾಫಿ ಇನ್ನೂ ನೆಲೆಯೂರಿರಲಿಲ್ಲ. ಬಂದ ದಾರಿ ನೋಡಿದರೆ ನಮಗೇ ಆಶ್ಚರ್ಯವಾಗಬೇಕು.

ಡಚ್ಚರು 1696ರಲ್ಲಿ ಮಲಬಾರಿನಿಂದ ಕಾಫಿಯನ್ನು ಜಾವಾ ದ್ವೀಪದ ಬಟಾವಿಯಾಕ್ಕೆ ಕಳಿಸಿದರು. ಮಲಬಾರ್ ಎಂದರೆ ನಮ್ಮದೇ ಘಟ್ಟದ ಆಚೆ ಮಗ್ಗುಲು. ಆ ಗಿಡಗಳು ಪ್ರವಾಹಕ್ಕೆ ಸಿಕ್ಕಿ ಹಾಳಾದವು. 1699ರಲ್ಲಿ ಮತ್ತೆ ಮಲಬಾರಿನಿಂದಲೇ ತರಿಸಿದರು, ಅವು ಬದುಕಿದವು. ಜಾವಾದ ಗಿಡವೊಂದು 1706ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಬಂತು. ಅದರ ಸಂತಾನದ ಒಂದು ಗಿಡ 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗೆ ಕಾಣಿಕೆಯಾಗಿ ಹೋಯಿತು. 1720ರ ದಶಕದ ಮೊದಲಲ್ಲಿ ಗಾಬ್ರಿಯೆಲ್ ದ ಕ್ಲಿಯು ಎಂಬ ಫ್ರೆಂಚ್ ನೌಕಾಧಿಕಾರಿ ಪ್ಯಾರಿಸ್ಸಿನಿಂದ ಆ ಕುಲದ್ದೊಂದು ಸಸಿಯನ್ನು ಹಡಗೇರಿಸಿಕೊಂಡು ಮಾರ್ಟಿನಿಕ್ ದ್ವೀಪಕ್ಕೆ ಹೊರಟ. ದಾರಿಯಲ್ಲಿ ಟ್ಯುನಿಸ್ಸಿನ ಕಡಲುಗಳ್ಳರು ಬೆನ್ನಟ್ಟಿದರಂತೆ, ನೀರು ಮುಗಿಯುತ್ತ ಬಂದಾಗ ತನ್ನ ಪಾಲಿನ ನೀರನ್ನೇ ಗಿಡಕ್ಕೆ ಎರೆದನಂತೆ. ಹೀಗೆಂದು ಅವನೇ ಬರೆದುಕೊಂಡಿದ್ದಾನೆ. ಆತ್ಮಕತೆಗೆ ತಳ್ಳಬೇಕಾದಷ್ಟು ತಳ್ಳಿ ಓದಿಕೊಳ್ಳಿ. ಗಿಡ ಮಾತ್ರ ಮಾರ್ಟಿನಿಕ್ಕಿನಲ್ಲಿ ಹತ್ತಿತು, ಅಲ್ಲಿಂದ ಸುತ್ತಲಿನ ದ್ವೀಪಗಳಿಗೆ ಹಬ್ಬಿತು. ಕಡಲುಗಳ್ಳರ ಆಟದ ಕಾಲದಲ್ಲೇ, ಹೆಚ್ಚುಕಡಿಮೆ ಅದೇ ನೀರಿನಲ್ಲಿ, ಕುಂಡದಲ್ಲೊಂದು ಕಾಫಿ ಗಿಡ ತೇಲಿಕೊಂಡು ಬರುತ್ತಿತ್ತು. ಕೆನ್ವೇ ಅದನ್ನು ಕಾಣಲಿಲ್ಲ.

ಅದರ ಮುಂದಿನ ಅಧ್ಯಾಯ ಖುಷಿಯದಲ್ಲ. 'ಬ್ಲ್ಯಾಕ್ ಫ್ಲ್ಯಾಗ್'ನ ಬೆನ್ನಿಗೇ ಬಂದ 'ಫ್ರೀಡಂ ಕ್ರೈ' ಎಂಬ ಚಿಕ್ಕ ಆಟ 1735ರದು. ಅದರ ನಾಯಕ, ಹಿಂದೆ ತಾನೇ ಗುಲಾಮನಾಗಿದ್ದ ಅಡೆವಾಲೆ, ಫ್ರೆಂಚರ ಸೇಂಟ್ ಡೊಮಿಂಗ್‌ಗೆ ಬಂದು ಬೀಳುತ್ತಾನೆ. ಅದು ಇಂದಿನ ಹೈಟಿ. ತೋಟಗಳಿಗೆ ನುಗ್ಗಿ ಗುಲಾಮರನ್ನು ಬಿಡಿಸುತ್ತ ಹೋದ ಹಾಗೆ ಲೆಕ್ಕ ಏರುತ್ತದೆ, ಇಷ್ಟು ಜನ ಬಿಡಿಸಿದರೆ ಇಂಥ ಆಯುಧ ಎಂದು ಇನಾಮು ಸಿಗುತ್ತದೆ. ಮನುಷ್ಯರನ್ನು ಹೀಗೆ ಪಾಯಿಂಟಿನ ಹಾಗೆ ಎಣಿಸುವುದು ನನಗೆ ಹಿಡಿಸಲಿಲ್ಲ. ಆ ಕಾಲದ ತೋಟದ ಮಾಲೀಕನ ಪಟ್ಟಿಯೂ ಹೀಗೇ ಇರುತ್ತಿತ್ತು ಎಂದು ನೆನೆದು ಇನ್ನಷ್ಟು ಕಸಿವಿಸಿಯಾಯಿತು. (ಆಟದಲ್ಲಿ ಮೆರೆಯುವ ಪೋರ್ಟ್-ಒ-ಪ್ರಿನ್ಸ್ ನಗರ ಹುಟ್ಟಿದ್ದೇ 1749ರಲ್ಲಿ. ಹಡಗಿನ ಹಗ್ಗದ ಗಂಟನ್ನೂ ಬಿಡದೆ ಬಿಡಿಸಿದವರು ಒಂದು ಊರನ್ನೇ ಹದಿನಾಲ್ಕು ವರ್ಷ ಮೊದಲು ಕಟ್ಟಿಬಿಟ್ಟಿದ್ದಾರೆ.) ಸೇಂಟ್ ಡೊಮಿಂಗ್‌ನ ಬೆಟ್ಟಗಳಿಗೆ ಕಾಫಿ ಹತ್ತಿದ್ದು ಆ 1730ರ ದಶಕದಲ್ಲೇ. ಐವತ್ತೇ ವರ್ಷ, 1780ರ ದಶಕದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಹತ್ತಿರ ಹತ್ತಿರ ಅರ್ಧ ಅದೊಂದೇ ವಸಾಹತಿನಿಂದ ಬರುತ್ತಿತ್ತು. ಕೊಯ್ದವರು, ಒಣಗಿಸಿದವರು, ಹೊತ್ತವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು.

ಆ ಕಾಫಿಯನ್ನು ಕುಡಿದ ಊರು ಮುಂದಿನ ಆಟದಲ್ಲಿದೆ. 2014ರ 'ಯೂನಿಟಿ' ಕ್ರಾಂತಿಕಾಲದ ಪ್ಯಾರಿಸ್ಸಿನದು. ಅದರ ನಾಯಕ ಆರ್ನೋನ ಬಿಡಾರವೇ ಕೆಫೆ ಥಿಯಾತ್ರ್ ಎಂಬ ಕಾಫಿಮನೆ. ಕೈಯಿಂದ ಹಾಕಿ ರಿಪೇರಿ ಮಾಡಿಸಿದಷ್ಟೂ ಗಲ್ಲಾಪೆಟ್ಟಿಗೆಯಲ್ಲಿ ಆದಾಯ ಹೆಚ್ಚುತ್ತದೆ. ದರ್ಶಿನಿ ಇಟ್ಟವರಿಗೆ ಇದರಲ್ಲಿ ಹೊಸದೇನೂ ಕಾಣದು! ಇತಿಹಾಸದ ಕಾಫಿಮನೆ ಇನ್ನೊಂದು. 1789ರ ಜುಲೈ 12ರಂದು ಪಾಲೆ ರೊಯಾಲಿನ ಕೆಫೆ ದ ಫುವಾ ಮುಂದೆ ಕಾಮಿಲ್ ದೆಮುಲೆನ್ ಮೇಜು ಹತ್ತಿ ನಿಂತು, ಆಯುಧ ಹಿಡಿಯಿರಿ ಎಂದು ಜನರನ್ನು ಕೆರಳಿಸಿದ. ಎರಡೇ ದಿನಕ್ಕೆ ಬಾಸ್ಟಿಲ್ ಸೆರೆಮನೆ ಬಿತ್ತು. ಆಟದಲ್ಲಿ ಆರ್ನೋ ತಪ್ಪಿಸಿಕೊಳ್ಳುವುದೂ ಆ ಗದ್ದಲದಲ್ಲೇ. ಸ್ವಾತಂತ್ರ್ಯದ ಮಾತಿಗೆ ಕಾವು ಕೊಟ್ಟ ಕಾಫಿ ಬಹುಪಾಲು ಗುಲಾಮರ ತೋಟದ್ದು. 1791ರ ಆಗಸ್ಟಿನಲ್ಲಿ ಸೇಂಟ್ ಡೊಮಿಂಗ್‌ನ ಗುಲಾಮರೂ ದಂಗೆ ಎದ್ದರು. ತೋಟಗಳು ಹೊತ್ತಿ ಉರಿದವು, ಪ್ಯಾರಿಸ್ಸಿನಲ್ಲಿ ಸಕ್ಕರೆ ಕಾಫಿಯ ಬೆಲೆ ಮುಗಿಲಿಗೇರಿತು. 1792ರಲ್ಲೂ 1793ರಲ್ಲೂ ದಿನಸಿ ಅಂಗಡಿಗಳ ಮೇಲೆ ಜನ ಮುಗಿಬಿದ್ದರು.

'ಯೂನಿಟಿ'ಯಲ್ಲಿ ಎಳೆಯ ನೆಪೋಲಿಯನ್ ಕೂಡ ಬಂದುಹೋಗುತ್ತಾನೆ. ಪೀಣ್ಯದ ಗೂಡಂಗಡಿಗೆ ಅವನ ಋಣವೊಂದಿದೆ. ಅವನು 1806ರಲ್ಲಿ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಯುರೋಪಿಗೆ ಕಾಫಿ ಬರುವುದು ಕಷ್ಟವಾಯಿತು. ಬದಲಿಗೆ ಜನ ಹುರಿದ ಚಿಕೋರಿ ಬೇರಿನ ಮೊರೆಹೊಕ್ಕರು, ಆ ರುಚಿ ಬಿಟ್ಟುಹೋಗಲಿಲ್ಲ. ಇಂದು ನಮ್ಮಲ್ಲಿ ಚಿಕೋರಿ ಬೆರೆಸಿದ ಪುಡಿಯಲ್ಲಿ ನೂರಕ್ಕೆ 51 ಪಾಲಾದರೂ ಕಾಫಿ ಇರಬೇಕೆಂಬುದು ನಿಯಮ. ಎರಡು ಗಂಟೆಯ ಬೈಟುವಿನ ಆ ಗಾಢ ಬಣ್ಣ ಎಲ್ಲಿಂದ ಬಂತೆಂದು ಬಾಯಿ ಬಿಟ್ಟು ಹೇಳಬೇಕಿಲ್ಲ.

ಉಳಿದವನ್ನು ಬೇಗ ದಾಟುತ್ತೇನೆ. 2012ರ ಮೂರನೇ ಆಟದಲ್ಲಿ ನಾಯಕ ಕಾನರ್ ಬಾಸ್ಟನ್ನಿನಲ್ಲಿ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆಯುತ್ತಾನೆ. 1773ರ ಡಿಸೆಂಬರ್ 16ರ ಆ ರಾತ್ರಿಯಿಂದ ಚಹ ಕುಡಿಯುವುದು ಅಮೆರಿಕದಲ್ಲಿ ದೇಶದ್ರೋಹದಂತಾಗಿ, ಕಾಫಿಗೆ ಶುಕ್ರದೆಸೆ ತಿರುಗಿತು. 'ಸಿಂಡಿಕೇಟ್' 1868ರ ಲಂಡನ್ನಿನದು. ಅದರ ಮರುವರ್ಷವೇ ಸಿಲೋನಿನ ಕಾಫಿ ತೋಟಗಳಿಗೆ ಎಲೆ ತುಕ್ಕು ರೋಗ ತಗುಲಿ, ಆ ದ್ವೀಪ ಕಾಫಿ ಬಿಟ್ಟು ಚಹಕ್ಕೆ ಹೊರಳಿತು. ನಮ್ಮ ಮಲೆನಾಡಿಗೂ ತುಕ್ಕು ಬಂತು. ಇಲ್ಲಿಯವರು ಗಿಡ ಕೀಳಲಿಲ್ಲ, ರೋಗ ತಡೆಯುವ ತಳಿ ಹುಡುಕಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ಹಿಂದೆ ಇದ್ದದ್ದು ಆ ತಲೆನೋವೇ. ಇಂದು ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಕರ್ನಾಟಕದ್ದು.

ಆಟ ಭಾರತಕ್ಕೆ ಬರಲೇ ಇಲ್ಲವೇ ಅಂದರೆ, ಬಂದಿತ್ತು. 2016ರ 'ಕ್ರಾನಿಕಲ್ಸ್: ಇಂಡಿಯಾ'ದ ನಾಯಕ ಅರ್ಬಾಜ್ ಮಿರ್ 1841ರಲ್ಲಿ ಅಮೃತಸರದ ಕಡೆ ಓಡಾಡಿ ಹೋಗುತ್ತಾನೆ. ವಿಂಧ್ಯ ದಾಟಿ ಕೆಳಗೆ ಬರಲಿಲ್ಲ. ಬಂದಿದ್ದರೆ ಹೊಸ ಕತೆ ಹೊಸೆಯುವ ಶ್ರಮವೇ ಬೇಕಿರಲಿಲ್ಲ. ಕಳ್ಳಹೆಜ್ಜೆಯಲ್ಲಿ ಒಳನುಗ್ಗುವುದು, ಕಾವಲು ತಪ್ಪಿಸುವುದು, ಒಂದು ಚಿಕ್ಕ ವಸ್ತುವನ್ನು ಮೈಯಲ್ಲಿ ಅಡಗಿಸಿ ದಾಟಿಸುವುದು: ಈ ಸರಣಿಯ ಜೀವಾಳವೇ ಇಂಥದ್ದು, ಮತ್ತು ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಬಾಬಾ ಬುಡನ್ ಕತೆಯೂ ಇದೇ.

ಹದಿನೇಳನೇ ಶತಮಾನದ ಮಾತು. ಮೊಳೆಯುವ ಕಾಫಿ ಬೀಜ ಹೊರಗೆ ಹೋಗದಂತೆ ಯೆಮನ್ನಿನಲ್ಲಿ ಕಟ್ಟೆಚ್ಚರವಿತ್ತು, ಹೊರಗೆ ಮಾರುವುದನ್ನು ಬೇಯಿಸಿಯೋ ಹುರಿದೋ ಕೊಡುತ್ತಿದ್ದರು ಎನ್ನುತ್ತಾರೆ. ಹಜ್ ಮುಗಿಸಿ ಬಂದ ಬಾಬಾ ಬುಡನ್ ಮೋಕಾ ಬಂದರಿನಿಂದ ಏಳು ಬೀಜಗಳನ್ನು ಮರೆಮಾಡಿ ತಂದು ಚಂದ್ರದ್ರೋಣದ ಇಳಿಜಾರಿನಲ್ಲಿ ನೆಟ್ಟರೆಂದು ಪ್ರತೀತಿ. ಗಡ್ಡದಲ್ಲಿ ಎನ್ನುವವರಿದ್ದಾರೆ, ಹೊಟ್ಟೆಗೆ ಕಟ್ಟಿಕೊಂಡು ಎನ್ನುವವರಿದ್ದಾರೆ, ಊರುಗೋಲಿನಲ್ಲಿ ಎನ್ನುವವರೂ ಇದ್ದಾರೆ. ಗಿರಿಗೆ ಅವರದೇ ಹೆಸರು ನಿಂತಿತು. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಬಿತ್ತು. ಈ ಮಿಷನ್‌ಗೆ ಟೈಮ್ ಲಿಮಿಟ್ಟೂ ಇದೆ. ಕಾಫಿ ಬೀಜ ರಾಗಿಯ ಹಾಗೆ ವರ್ಷಗಟ್ಟಲೆ ಕಾಯುವುದಲ್ಲ, ಕೆಲವೇ ತಿಂಗಳಲ್ಲಿ ಮೊಳೆಯುವ ಕಸುವು ಕಳೆದುಕೊಳ್ಳುತ್ತದೆ. ಕೆಂಪು ಸಮುದ್ರದಿಂದ ಗಾಳಿ ನೋಡಿ ಹಡಗು ಹತ್ತಬೇಕು, ಕರಾವಳಿಯಲ್ಲಿ ಇಳಿದು ಘಟ್ಟ ಏರಬೇಕು, ಬೀಜ ಸಾಯುವುದರೊಳಗೆ ಮಣ್ಣು ಕಾಣಿಸಬೇಕು. ಮಲಬಾರಿನಿಂದ ಡಚ್ಚರು ಒಯ್ದದ್ದು ಇಂಥ ಬೀಜಗಳ ಸಂತಾನವನ್ನಾದರೆ, ಪ್ಯಾರಿಸ್ಸಿನ ಆರ್ನೋನ ಲೋಟದವರೆಗೆ ಎಳೆದ ದಾರದ ಒಂದು ಗಂಟು ಬಿದ್ದಿರುವುದು ಚಿಕ್ಕಮಗಳೂರಿನಲ್ಲಿ.

ಆ ಊರಿನ ಬಸ್ಸು ಹೋಗುವುದೂ ನಮ್ಮ ಜಾಲಹಳ್ಳಿ ಕ್ರಾಸಿನ ಮೇಲೆಯೇ. ಗೇಮ್ ಮಾಡುವುದು ಬೆಂಗಳೂರಿಗೆ ಹೊಸ ಕಸುಬೂ ಅಲ್ಲ. ಧ್ರುವ ಇಂಟರಾಕ್ಟಿವ್ ಇಲ್ಲಿ 1997ರಲ್ಲೇ ಬಾಗಿಲು ತೆರೆದಿತ್ತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಇಷ್ಟೆಲ್ಲ ಇದ್ದೂ ಏಳು ಬೀಜದ ಮಿಷನ್ ಯಾರ ಕೈಗೂ ಹತ್ತಿಲ್ಲ.

ಇದನ್ನೆಲ್ಲ ಅಕ್ಕನ ಮಗನ ಮುಂದೆ ಒಂದೇ ಉಸಿರಿಗೆ ಒದರಿದೆ. ಕಂಟ್ರೋಲರಿನ ಗುಂಡಿ ಒತ್ತುತ್ತಲೇ ಕೇಳಿಸಿಕೊಂಡ. ಕೊನೆಗೆ, "ಅಲ್ಲ ಮಾಮ, ಏಳೇ ಯಾಕೆ?" ಅಂದ.

ಇಸ್ಲಾಮಿನಲ್ಲಿ ಏಳಕ್ಕೆ ವಿಶೇಷ ಸ್ಥಾನವಿದೆ, ಅದಕ್ಕಿರಬಹುದು ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ.

"ಅದಲ್ಲ. ರಿಜೆಕ್ಷನ್ ಲೆಕ್ಕ ಇಟ್ಟಿರ್ತಾರೆ. ಐದು ಪೀಸ್ ಆರ್ಡರ್ ಬಂದ್ರೆ ನಾವೂ ಏಳು ಕಟ್ ಮಾಡ್ಕೊತೀವಿ."

ಅರೇಬಿಕಾ ತನಗೆ ತಾನೇ ಪರಾಗ ಕಟ್ಟಿಕೊಳ್ಳುವ ಗಿಡ, ಆರು ಕೆಟ್ಟು ಒಂದೇ ಉಳಿದರೂ ತೋಟವಾದೀತು ಎಂದೆ. "ನೋಡಿ ಮತ್ತೆ" ಎಂದು ಗೆದ್ದವನ ಹಾಗೆ ನಕ್ಕ. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಕೂಗಿದಳು, ಕಾಫಿ ಆರಿ ತಣ್ಣಗಾಗ್ತಿದೆ, ಇಬ್ಬರೂ ಎದ್ದು ಬರ್ತೀರೋ ಇಲ್ಲವೋ ಎಂದು. ಹುಡುಗ ಆಟ ನಿಲ್ಲಿಸಿ ಎದ್ದ. ಪರದೆಯ ಮೇಲೆ ಕೆನ್ವೇ ಪಟಕಂಬದ ತುದಿಯಲ್ಲಿ ಒಂದು ಕಾಲು ಗಾಳಿಗೆ ಚಾಚಿದವನು ಹಾಗೇ ನಿಂತ.