ಹಲ್ಲು ಕೀಳಿಸುವ ಮುನ್ನ ಹೃದಯವನ್ನೂ ನೆನೆಯಿರಿ

ನಾನು ಕಲಿಸುವ ತರಗತಿಯ ಹುಡುಗಿಯೊಬ್ಬಳು ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದಿಗಾಗಿ ರಜೆ ಕೇಳುತ್ತಿದ್ದಳು. ರುಮ್ಯಾಟಿಕ್ ಜ್ವರ ಬಂದು ಅವಳ ಹೃದಯದ ಕವಾಟ ಕೆಟ್ಟಿತ್ತು. ಒಮ್ಮೆ ಅವಳ ತಾಯಿ ಬಂದು, "ಉಸ್ತಾದರೇ, ಇವಳ ಹಲ್ಲು ಕೀಳಿಸಬೇಕು. ಹೃದಯಕ್ಕೆ ಸೋಂಕು ತಗಲದಂತೆ ಮೊದಲೇ ಮಾತ್ರೆ ಕೊಡಬೇಕಂತೆ. ಹಾಗಾದರೆ ಚುಚ್ಚುಮದ್ದು ನಿಲ್ಲಿಸಬಹುದೇ?" ಎಂದು ಕೇಳಿದರು.

ಸಹೋದರಿಯರೇ, ಇವೆರಡೂ ಬೇರೆ ಬೇರೆ. ಚುಚ್ಚುಮದ್ದು ರುಮ್ಯಾಟಿಕ್ ಜ್ವರ ಮರುಕಳಿಸದಂತೆ ತಡೆಯುತ್ತದೆ. ವೈದ್ಯರು ಹೇಳದೆ ಅದನ್ನು ನಿಲ್ಲಿಸಬಾರದು. ಹಲ್ಲಿನ ಚಿಕಿತ್ಸೆಗೆ ಮುನ್ನ ಕೊಡುವ ಮಾತ್ರೆಯ ಕೆಲಸವೇ ಬೇರೆ. ಒಸಡಿನಿಂದ ರಕ್ತಕ್ಕೆ ಸೇರಿದ ರೋಗಾಣುಗಳು ಕೆಟ್ಟ ಕವಾಟದ ಮೇಲೆ ನೆಲೆಯೂರಿದರೆ ಎಂಡೋಕಾರ್ಡೈಟಿಸ್ ಎಂಬ ಪ್ರಾಣಾಪಾಯದ ಸೋಂಕು ಉಂಟಾಗುತ್ತದೆ. ಅದನ್ನು ತಡೆಯಲು ಆ ಮಾತ್ರೆ.

ಹಿಂದೆ ಹೃದಯದ ತೊಂದರೆಯಿದ್ದ ಬಹಳಷ್ಟು ಮಂದಿಗೆ ಇದನ್ನು ಕೊಡುತ್ತಿದ್ದರು. 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಆ ಪಟ್ಟಿಯನ್ನು ಕಿರಿದುಗೊಳಿಸಿತು. ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೆ ಈ ಸೋಂಕು ಬಂದವರು, ಹುಟ್ಟಿನಿಂದಲೇ ಕೆಲವು ಗಂಭೀರ ಹೃದಯದೋಷ ಇರುವವರು ಮುಖ್ಯವಾಗಿ ಅದರಲ್ಲಿದ್ದಾರೆ. ಅವರಿಗೂ ಒಸಡಿಗೆ ಗಾಯವಾಗುವಂಥ ಚಿಕಿತ್ಸೆಗೆ ಮಾತ್ರ, 30ರಿಂದ 60 ನಿಮಿಷ ಮೊದಲು, ಒಂದೇ ಸಲದ ಔಷಧ ಸಾಕು. ಎಕ್ಸ್-ರೇ ತೆಗೆಸಲು, ಹಾಲುಹಲ್ಲು ತಾನಾಗಿ ಉದುರಿದಾಗ ಬೇಕಿಲ್ಲ. ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟದ ವಿಷಯದಲ್ಲಿ ಎಲ್ಲ ದೇಶಗಳ ನಿಯಮ ಒಂದೇ ಅಲ್ಲ. ಹೃದ್ರೋಗ ವೈದ್ಯರನ್ನೇ ಕೇಳಬೇಕು.

"ಕೊಟ್ಟರೆ ನಷ್ಟವೇನು?" ಎನ್ನಬೇಡಿ. ಕೆಲವರಿಗೆ ಔಷಧ ಅಲರ್ಜಿಯಾಗುತ್ತದೆ. ಅನಗತ್ಯ ಬಳಕೆಯಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಅಲ್ಲದೆ ಒಸಡು ಕೆಟ್ಟಿದ್ದರೆ ಊಟ ಮಾಡುವಾಗ, ಹಲ್ಲುಜ್ಜುವಾಗ ದಿನವೂ ರೋಗಾಣುಗಳು ರಕ್ತಕ್ಕೆ ಸೇರುತ್ತಿರುತ್ತವೆ. ಆದ್ದರಿಂದ ಬಾಯಿಯ ಶುಚಿತ್ವವೇ ದೊಡ್ಡ ರಕ್ಷಣೆ.

ಇನ್ನೊಂದು ಮಾತು. ಕವಾಟದ ತೊಂದರೆಯಿರುವವರಿಗೆ ಕಾರಣ ತಿಳಿಯದ ಜ್ವರ ಬಿಡದೆ ಕಾಡಿದರೆ ಔಷಧದಂಗಡಿಯ ಮಾತ್ರೆ ನುಂಗಿಸಬೇಡಿ. ಮೊದಲು ಆಸ್ಪತ್ರೆಯಲ್ಲಿ ರಕ್ತದ ಕಲ್ಚರ್ ಪರೀಕ್ಷೆ ಆಗಲಿ. ಮೊದಲೇ ಆಂಟಿಬಯೋಟಿಕ್ ಕೊಟ್ಟರೆ ರೋಗಾಣು ಪತ್ತೆಯಾಗದೆ ಹೋಗಬಹುದು.

ಆ ತಾಯಿಗೆ ನಾನು ಹೇಳಿದ್ದಿಷ್ಟೇ: "ಚುಚ್ಚುಮದ್ದಿನ ಚೀಟಿಯನ್ನು ಹಲ್ಲಿನ ವೈದ್ಯರಿಗೂ ತೋರಿಸಿ. ಮಾತ್ರೆ ಬೇಕೋ, ಯಾವುದು ಬೇಕೋ ವೈದ್ಯರೇ ಹೇಳಲಿ." ಪೆನ್ಸಿಲಿನ್ ಪಡೆಯುತ್ತಿರುವವರಿಗೆ ಬೇರೆ ಔಷಧ ಬೇಕಾಗಬಹುದು. ನಿಮ್ಮ ಮನೆಯಲ್ಲೂ ಇಂಥ ಚೀಟಿಯಿದ್ದರೆ ಕೈಗೆ ಸಿಗುವಲ್ಲಿ ಇಡಿ.